ಮೋರಿಕಟ್ಟೆಯ ಸ್ಟಾಪು

ಮೊನ್ನೆ ಕುಮಟೆಯ ಪೇಟೆಯಲ್ಲಿ ತರಕಾರಿ ಕೊಳ್ಳುತ್ತಿದ್ದಾಗ ಪಕ್ಕದಿಂದ ಸುರಗಿ ಹೂವಿನ ಪರಿಮಳ ಬಂತು. ಅಜ್ಜಿಯೊಬ್ಬಳು ಗೋಣಿಚೀಲ ಹಾಸಿ ನಾಲ್ಕು ದಂಡೆ ಇಟ್ಟುಕೊಂಡು ಕೂತಿದ್ದಳು. ಒಂದು ಕೊಂಡೆ. ಮುಡಿಯುವ ಮನಸ್ಸಾಗಲಿಲ್ಲ, ಚೀಲಕ್ಕೆ ಹಾಕಿಕೊಂಡೆ. ನಾಲ್ಕು ಹೆಜ್ಜೆ ನಡೆಯುವುದರೊಳಗೆ ಡ್ರೈವರಣ್ಣ ನೆನಪಾಗಿಬಿಟ್ಟರು. ಅವರ ಬಸ್ಸಿನ ಕನ್ನಡಿಗೆ ಸದಾ ಒಂದು ಸುರಗಿ ದಂಡೆ ನೇತಾಡುತ್ತಿತ್ತು. ಒಣಗಿ ಕಂದಾದರೂ ಅವರು ತೆಗೆಯುತ್ತಿರಲಿಲ್ಲ, ಅದರ ಪರಿಮಳವೂ ಹೋಗುತ್ತಿರಲಿಲ್ಲ...

ನನ್ನ ಎಡಗಾಲಿಗೆ ಪೋಲಿಯೋ. ಮೂರು ವರ್ಷದವಳಿದ್ದಾಗ ಬಂದದ್ದು. ಕಾಲಿಗೆ ಕಬ್ಬಿಣದ ಕ್ಯಾಲಿಪರ್ ಕಟ್ಟಿ ಕೋಲು ಹಿಡಿದರೆ ಎಲ್ಲಿಗೆ ಬೇಕಾದರೂ ನಡೆದು ಹೋಗುತ್ತೇನೆ. ನಾನು ಸೋಲುತ್ತಿದ್ದದ್ದು ಬಸ್ಸಿನ ಮೊದಲ ಮೆಟ್ಟಿಲಿಗೆ. ಅದನ್ನು ಮಾಡಿದ ಪುಣ್ಯಾತ್ಮ ಯಾರೋ, ಆನೆ ಏರುವವರನ್ನು ನೆನೆದುಕೊಂಡು ಮಾಡಿರಬೇಕು. ಅದರ ಮುಂದೆ ಒಂದು ಗಳಿಗೆ ತಡೆದು ನಿಂತರೆ ಸಾಕು, ಹಿಂದಿನಿಂದ ಯಾರಾದರೂ ಕಂಕುಳಿಗೆ ಕೈ ಹಾಕಿ ಎತ್ತಿಬಿಡುತ್ತಿದ್ದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ. ಆದರೆ ಕೇಳದೆಯೇ ಎತ್ತಿಸಿಕೊಳ್ಳುವುದು ಎಂದರೇನು ಎಂದು ಎತ್ತಿಸಿಕೊಂಡವರಿಗೇ ಗೊತ್ತು.

ಭಟ್ಕಳದ ಕಚೇರಿಯೊಂದರಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಾಗ ಹೆತ್ತ ಆಯಿ ಖುಷಿಪಡುವುದು ಬಿಟ್ಟು, "ದಿನಾ ಯಾರು ಹತ್ತಿಸ್ತಾರೆ ನಿನ್ನ?" ಎಂದು ಕೇಳಿದ್ದಳು. "ಯಾರೂ ಬೇಡ, ನಾನೇ ಹತ್ತುತ್ತೇನೆ" ಎಂದಿದ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು, ಈಗಲೂ ಇದೆ. ಕೆಲಸಕ್ಕಿಂತ ಹೆಚ್ಚಾಗಿ ಆ ಮಾತನ್ನು ಉಳಿಸಿಕೊಳ್ಳಬೇಕಿತ್ತು ನನಗೆ.

ನಮ್ಮೂರ ಕ್ರಾಸು ಕುಮಟೆ ಬಿಟ್ಟು ಹೊನ್ನಾವರದ ಕಡೆ ಹೋಗುವಾಗ ಸಿಗುತ್ತದೆ. ಆಗ ಹೆದ್ದಾರಿ ಈಗಿನಷ್ಟು ಅಗಲ ಇರಲಿಲ್ಲ. ಬಸ್ ಸ್ಟಾಪು ಎಂದರೆ ಒಂದು ಬೋರ್ಡು, ಒಂದು ತಗಡಿನ ಮಾಡು. ಕೂರಲು ಏನೂ ಇಲ್ಲ. ಅಲ್ಲಿಂದ ಮೂವತ್ತು ಹೆಜ್ಜೆ ಮುಂದೆ ಮಳೆನೀರು ಹಾಯುವ ಮೋರಿ, ಅದಕ್ಕೊಂದು ಚಿರೆಕಲ್ಲಿನ ಕಟ್ಟೆ. ಕಟ್ಟೆಯ ಒಂದು ತುದಿ ಜರಿದು ಸಣ್ಣ ಸಣ್ಣ ಮೆಟ್ಟಿಲಿನ ಹಾಗಾಗಿತ್ತು. ನಾನು ದಿನಾ ಬೆಳಿಗ್ಗೆ ಅದನ್ನು ಹತ್ತಿ ಕೂತಿರುತ್ತಿದ್ದೆ. ಬಸ್ಸು ಬಂದು ಬಾಗಿಲು ಸರಿಯಾಗಿ ನನ್ನ ಮುಂದೆ ನಿಲ್ಲುತ್ತಿತ್ತು. ಎದ್ದು ಕೋಲು ಒಳಗೆ ಊರಿದರೆ ಆಯಿತು, ಮನೆಯ ಹೊಸ್ತಿಲು ದಾಟಿದ ಹಾಗೆ ಬಸ್ಸಿನೊಳಗೆ ಇರುತ್ತಿದ್ದೆ. ಕಂಡಕ್ಟರ್ "ರೈಟ್" ಎಂದರೂ ಬಸ್ಸು ಹೊರಡುತ್ತಿರಲಿಲ್ಲ. ಕನ್ನಡಿಯಲ್ಲಿ ಎರಡು ಕಣ್ಣು ನಾನು ಕೂತೆನೇ ಎಂದು ನೋಡುತ್ತಿದ್ದವು. "ಸಾವಕಾಶ ತಂಗಿ, ಸಾವಕಾಶ." ಎರಡು ವರ್ಷ ಅವರು ನನ್ನೊಡನೆ ಆಡಿದ ಮಾತು ಅಷ್ಟೇ.

ಬೋರ್ಡಿನ ಬಳಿ ನಿಂತವರೆಲ್ಲ ಬುಟ್ಟಿ, ಚೀಲ ಹೊತ್ತು ಮೂವತ್ತು ಹೆಜ್ಜೆ ಓಡಿ ಬರುತ್ತಿದ್ದರು. ಬಸ್ಸಿನ ಬ್ರೇಕು ಹಳೆಯದು, ಅಷ್ಟು ಮುಂದೆ ಹೋಗಿಯೇ ಹಿಡಿಯುತ್ತದೆ ಎಂದು ನಾನು ತಿಳಿದಿದ್ದೆ! ಎಂಥ ಬುದ್ಧಿವಂತೆ ನೋಡಿ.

ಮೂರನೆಯ ವರ್ಷದ ಜೂನಿನಲ್ಲಿ ಒಂದು ಬೆಳಿಗ್ಗೆ ಮಳೆ ಹುಚ್ಚು ಹಿಡಿದಂತೆ ಸುರಿಯುತ್ತಿತ್ತು. ಕೊಡೆ ಹಿಡಿದರೂ ಕಟ್ಟೆಯ ಮೇಲೆ ಕೂರುವಂತಿರಲಿಲ್ಲ, ತಗಡಿನ ಮಾಡಿನೊಳಗೆ ನಿಂತಿದ್ದೆ. ಬಸ್ಸು ಬಂತು. ನಮ್ಮನ್ನೆಲ್ಲ ದಾಟಿ ಸೀದಾ ಹೋಗಿ ಮೋರಿಯ ಬಳಿ ನಿಂತಿತು. ನನಗೆ ಮೈಯೆಲ್ಲ ಉರಿದುಹೋಯಿತು. ಕೊಡೆ ಒಂದು ಕೈಯಲ್ಲಿ, ಕೋಲು ಒಂದು ಕೈಯಲ್ಲಿ ಹಿಡಿದು ಗಡಿಬಿಡಿಯಲ್ಲಿ ಹೊರಟವಳು ಅರ್ಧ ದಾರಿಯಲ್ಲಿ ಜಾರಿ ಕೆಸರಿಗೆ ಬಿದ್ದೆ. ಇಬ್ಬರು ಗಂಡಸರು ಬಂದು ಅಕ್ಕಿಮೂಟೆ ಎತ್ತಿದಂತೆ ಎತ್ತಿ ಬಸ್ಸಿಗೆ ಹಾಕಿದರು. ಭಟ್ಕಳದವರೆಗೂ ಒದ್ದೆ ಸೀರೆಯಲ್ಲಿ, ಎಲ್ಲರ ಅಯ್ಯೋ ಪಾಪ ಕೇಳುತ್ತ ಕೂತಿದ್ದೆ.

ಕಚೇರಿ ಮುಟ್ಟಿದವಳೇ ಟೈಪ್‌ರೈಟರಿಗೆ ಕಾಗದ ಸುತ್ತಿದೆ. ಬೇರೆಯವರ ಅರ್ಜಿ ಬಡಿದು ಬಡಿದು ಆ ಭಾಷೆ ನನಗೆ ಕೈಯಲ್ಲೇ ಇತ್ತು. 'ಸದರಿ ಬಸ್ಸಿನ ಚಾಲಕರು ನಿಗದಿತ ನಿಲುಗಡೆಯಲ್ಲಿ ವಾಹನ ನಿಲ್ಲಿಸದೆ ಅಂಗವಿಕಲ ಪ್ರಯಾಣಿಕಳಾದ ನನಗೆ ತೀವ್ರ ತೊಂದರೆ ಉಂಟುಮಾಡಿರುವುದರಿಂದ...' ಒಂದು ತಪ್ಪಕ್ಷರವಿಲ್ಲ. ಚಾಲಕರ ಹೆಸರು ಗೊತ್ತಿರಲಿಲ್ಲ, ಬಸ್ಸಿನ ನಂಬರು ಹಾಕಿದೆ. ಡಿಪೋಗೆ ಅಂಚೆಯಲ್ಲಿ ಕಳಿಸಿ ಭಾರಿ ಕೆಲಸ ಮಾಡಿದವಳಂತೆ ಚಹಾ ಕುಡಿದೆ.

ಹದಿನೈದು ದಿನ ಕಳೆದಿರಬೇಕು. ನಾನು ಎಂದಿನಂತೆ ಕಟ್ಟೆಯ ಮೇಲೆ ಕೂತಿದ್ದೆ. ಬಸ್ಸು ಬೋರ್ಡಿನ ಬುಡದಲ್ಲೇ ನಿಂತುಬಿಟ್ಟಿತು, ಗೆರೆ ಎಳೆದಂತೆ. ಕಟ್ಟೆ ಇಳಿದು ಅಲ್ಲಿಗೆ ನಡೆದು ಹೋದರೆ ಎದುರಿಗೆ ಅದೇ ಮೆಟ್ಟಿಲು. ಎರಡು ಸಲ ಕಾಲೆತ್ತಿ ನೋಡಿದೆ. ಆಗಲಿಲ್ಲ. ಕಂಡಕ್ಟರ್ ಮೇಲಿನಿಂದ ಎಳೆದ, ಮೀನು ಮಾರುವ ಅಕ್ಕ ಕೆಳಗಿನಿಂದ ನೂಕಿದಳು. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ಕನ್ನಡಿಯಲ್ಲಿ ಕಣ್ಣು ಕಾಣಿಸಲಿಲ್ಲ.

ನಾಲ್ಕನೆಯ ದಿನ ಬಸ್ಸಿನಲ್ಲಿ ಆ ಅಕ್ಕ ನನ್ನ ಪಕ್ಕದಲ್ಲಿ ಕೂತು ಕೇಳಿದಳು. "ಅಂವನ ಮೇಲೆ ಬರ್ದು ಹಾಕಿದ್ದು ನೀನೇ ಅಂಬ್ರಲ್ಲ, ಹೌದಾ?" ಹೌದೆಂದೆ. "ಎಂತ ಮಾಡ್ದೆ ಮಾರಾಯ್ತಿ! ಕಟ್ಟೆಗೆ ಸಮ ತಂದು ನಿಲ್ಲಿಸ್ತಿದ್ದದ್ದು ನಿನ್ನ ಕಾಲಿಗಾಗೇ ಅಲ್ದಾ? ನಾವೆಲ್ಲ ಬುಟ್ಟಿ ಹೊತ್ಕಂಡು ಓಡ್ತಿದ್ದದ್ದು ಎಂತಕ್ಕೆ ಅಂದ್ಕಂಡಿದ್ದೆ ನೀನು?"

ಊರಿಗೆಲ್ಲ ಗೊತ್ತಿತ್ತು, ನನಗೊಬ್ಬಳಿಗೆ ಗೊತ್ತಿರಲಿಲ್ಲ. ಎರಡು ವರ್ಷ ನಾನೇ ಹತ್ತುತ್ತೇನೆ ಎಂದು ಬೀಗಿದ್ದೆನಲ್ಲ, ಹತ್ತಿಸಿದವರು ಅವರು. ಮೈ ಮುಟ್ಟದೆ, ಮಾತಾಡದೆ, ನನಗೇ ತಿಳಿಯದ ಹಾಗೆ. ಆ ಮಳೆಯ ದಿನವೂ ನನಗೆ ಕಟ್ಟೆ ಬೇಕೆಂದೇ ಮುಂದೆ ಹೋಗಿದ್ದರು.

ಅವತ್ತು ಭಟ್ಕಳದಲ್ಲಿ ಎಲ್ಲರೂ ಇಳಿದ ಮೇಲೆ ಅವರ ಕಿಟಕಿಯ ಕೆಳಗೆ ಹೋಗಿ ನಿಂತೆ. "ನಂಗೆ ಗೊತ್ತಿರ್ಲಿಲ್ಲ ಅಣ್ಣಾ" ಎಂದೆ. ಅವರಿಗೆ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. "ಬೋರ್ಡಿದ್ದಲ್ಲೇ ನಿಲ್ಲಿಸ್ತೆ ಅಂತ ಸಹಿ ಮಾಡಿ ಕೊಟ್ಟಾತು ತಂಗಿ. ಇನ್ನೆಂತ ಮಾಡ್ಲಿ?" ಎಂದರು. ನಾನು ಇನ್ನೊಂದು ಕಾಗದ ಬಡಿದೆ. ದೂರು ಹಿಂತೆಗೆದುಕೊಂಡಿದ್ದೇನೆ, ದಯವಿಟ್ಟು ಮೋರಿಯ ಬಳಿಯೇ ನಿಲ್ಲಿಸಲು ಹೇಳಿ ಎಂದು. ಅದಕ್ಕೆ ಉತ್ತರ ಬರಲೇ ಇಲ್ಲ. ಮೊದಲ ಕಾಗದಕ್ಕೆ ಎಷ್ಟು ಬೇಗ ಕೈಕಾಲು ಬಂದಿತ್ತು...

ದೀಪಾವಳಿ ಮುಗಿದ ಮೇಲೆ ಒಂದು ಬೆಳಿಗ್ಗೆ ಬಸ್ಸು ಬೋರ್ಡಿನ ಬಳಿ ನಿಂತಿತು. ಉಳಿದವರು ಹತ್ತಿದರು. ನಾನು ಎತ್ತಿಸಿಕೊಳ್ಳಲು ಸಿದ್ಧಳಾಗುವಷ್ಟರಲ್ಲಿ ಡ್ರೈವರಣ್ಣ ಕಿಟಕಿಯಿಂದ ಕೈ ಹೊರಗೆ ಹಾಕಿ ಮುಂದಕ್ಕೆ ತೋರಿಸಿದರು. "ಕಟ್ಟೆಗೆ ನಡಿ ತಂಗಿ. ಈ ರೂಟಲ್ಲಿ ನಂದು ಇವತ್ತೇ ಕಡೇದು. ಮೆಮೊ ಕೊಡೋರು ಕೊಡ್ಲಿ."

ನಾನು ನಡೆದೆ. ಬಸ್ಸು ನನ್ನ ಪಕ್ಕದಲ್ಲೇ ತೆವಳುತ್ತ ಬಂತು. ಒಳಗಿನ ಒಬ್ಬರೂ ತಡವಾಯಿತೆಂದು ಗೊಣಗಲಿಲ್ಲ. ಜರಿದ ಕಲ್ಲು ಹತ್ತಿ ನಿಂತೆ, ಕೋಲು ಒಳಗೆ ಊರಿದೆ, ಹತ್ತಿದೆ. "ಸಾವಕಾಶ" ಎಂದರು. ಶರಾವತಿ ಸೇತುವೆ ಬರುವವರೆಗೂ ಅಳುತ್ತಿದ್ದೆ. ಭಟ್ಕಳದಲ್ಲಿ ಏನಾದರೂ ಹೇಳಬೇಕೆಂದುಕೊಂಡು ನನ್ನ ಕಾಲು ಎಳೆದುಕೊಂಡು ಇಳಿಯುವುದರೊಳಗೆ ಅವರು ಸ್ಟ್ಯಾಂಡಿನ ಕಚೇರಿಗೆ ಸಹಿ ಹಾಕಲು ಹೋಗಿಬಿಟ್ಟಿದ್ದರು. ಆಮೇಲೆ ಜನದ ನಡುವೆ ಕಾಣಲಿಲ್ಲ. ಘಟ್ಟದ ಮೇಲಿನ ಯಾವುದೋ ಡಿಪೋಗೆ ವರ್ಗವಾಯಿತು ಎಂದು ಕಂಡಕ್ಟರ್ ಹೇಳಿದ. ನನ್ನ ಕಾಗದದಿಂದಲೇ ಎಂದು ಯಾರೂ ಹೇಳಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ.

ಅದಾಗಿ ಇಪ್ಪತ್ತು ವರ್ಷ ಆಗುತ್ತ ಬಂತು. ನನಗೆ ಕುಮಟೆಗೇ ವರ್ಗ ಸಿಕ್ಕಿತು. ಹೆದ್ದಾರಿ ಅಗಲವಾಗುವಾಗ ಮೋರಿ, ಕಟ್ಟೆ ಎಲ್ಲ ಮಣ್ಣಿನಡಿ ಹೋದವು. ಈಗ ಹೆಂಗಸರಿಗೆ ಟಿಕೆಟ್ಟಿಲ್ಲ, ಬಸ್ಸಿನ ತುಂಬ ಜನ, ನನ್ನನ್ನು ಎತ್ತುವ ಕೈಗಳೂ ಹೆಚ್ಚಾಗಿವೆ. ಎತ್ತಿಸಿಕೊಳ್ಳುತ್ತೇನೆ. ಎತ್ತಿದಾಗಲೆಲ್ಲ ಡ್ರೈವರಣ್ಣನನ್ನು ಒಮ್ಮೆ ನೋಡಬೇಕು ಅನ್ನಿಸುತ್ತದೆ. ಇದ್ದಾರೋ, ಇಲ್ಲವೋ...

ಮೊನ್ನೆ ಪೇಟೆಯಿಂದ ಮನೆಗೆ ಹೋಗುವ ಬದಲು ಡಿಪೋಗೇ ಹೋದೆ. ಕ್ಲಾರ್ಕ್ ಹುಡುಗಿ ಕುರ್ಚಿ ಕೊಟ್ಟು ಕೂರಿಸಿ, ಹೆಸರು ಎಂತ ಎಂದು ಕೇಳಿದಳು. ಹೆಸರು ಗೊತ್ತಿಲ್ಲ, ಬಸ್ಸಿನ ನಂಬರು ಹೇಳಿದೆ. "ಆ ಬಸ್ಸು ಗುಜರಿಗೆ ಹೋಗಿ ಎಷ್ಟೋ ವರ್ಷ ಆಯ್ತು ಮೇಡಂ. ಅಷ್ಟು ಹಳೇ ಡ್ಯೂಟಿ ಲಿಸ್ಟೂ ಇಲ್ಲ" ಎಂದು ತುಸು ಯೋಚಿಸಿದಳು. "ಅವರ ಮೇಲೆ ಕಂಪ್ಲೇಂಟ್ ಎಂತಾದ್ರೂ ಬಂದಿದ್ರೆ ಆ ಫೈಲಲ್ಲಿ ಹೆಸರು, ಊರು ಎಲ್ಲ ಸಿಕ್ತದೆ. ಅಂಥದ್ದು ಎಂತಾದ್ರೂ ಇತ್ತಾ?"

"ಇಲ್ಲ" ಎಂದೆ. "ಅಂಥವರ ಮೇಲೆ ಯಾರು ಕಂಪ್ಲೇಂಟ್ ಕೊಡ್ತಾರೆ?"