ಇಂಟರ್‌ವ್ಯೂಗೆ ಹೋದ ಅಳಿಯನ ಬೂಟು

ಬರೆಯುವುದು ನನ್ನ ಕೆಲಸವಲ್ಲ. ಆರನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ನನ್ನ ಇಂಟರ್‌ವ್ಯೂ ಮಾಡಿದ ಕಂಪನಿಯವರು ಫೋನ್ ಎತ್ತುವುದಿಲ್ಲ, ಫೇಸ್‌ಬುಕ್‌ನಲ್ಲಿ ಬರೆದರೆ ಮಾತ್ರ ನೋಡುತ್ತಾರೆ ಎಂದು ಮಗಳು ಮೊಬೈಲ್ ಕೈಗೆ ಕೊಟ್ಟು ಕೂರಿಸಿದ್ದಾಳೆ. ಎರಡು ಸಾಲಿಗೇ ಬೆರಳು ಸೋತಿತು.

ಊರು ಕದ್ವಾಡ. ಮೂವತ್ತೊಂದು ವರ್ಷ ಲಾರಿ ಓಡಿಸಿದ್ದೇನೆ. ಮೀನು, ಕಲ್ಲು, ಹಂಚು... ಹೇರದ್ದು ಯಾವುದೂ ಇಲ್ಲ.

ಮಳೆಗಾಲಕ್ಕೆ ಮುಂಚೆ ನಮ್ಮ ಮಾಲಕರು ಲಾರಿ ಮಾರಿದರು. ಅಂದಿನಿಂದ ಮನೆಯಲ್ಲಿದ್ದೇನೆ. ಬೇರೆ ಲಾರಿ ಸಿಗದಿದ್ದರೆ ಕಾರವಾರದ ಐಸ್ ಫ್ಯಾಕ್ಟರಿಯ ಗೇಟಿನಲ್ಲಿ ವಾಚ್‌ಮನ್ ಕುರ್ಚಿ ನನಗಾಗಿ ಕಾದಿದೆ.

ಅಷ್ಟರಲ್ಲಿ ಅಂಕೋಲೆಯ ಹೊಸ ಟ್ರಾನ್ಸ್‌ಪೋರ್ಟ್ ಕಂಪನಿಯೊಂದು ಡ್ರೈವರ್ ಬೇಕು ಎಂದು ವಾಟ್ಸ್ಯಾಪಿನಲ್ಲಿ ಹಾಕಿತು. ಕೆಳಗೆ ಒಂದು ಸಾಲು: ನೀಟ್ ಡ್ರೆಸ್, ಬೂಟು ಕಡ್ಡಾಯ.

ಅಲ್ಲಿಗೇ ನನಗೆ ಸಂಶಯ ಬಂತು. ಡ್ರೈವರನಿಗೆ ಲೈಸೆನ್ಸ್ ಕೇಳಬೇಕು. ಬೂಟು ಕೇಳುವವನ ಹತ್ತಿರ ಲಾರಿ ಇದೆಯೋ ಇಲ್ಲವೋ.

ಹಿಂದೆ ಮಾಲಕರು ಅಂಗೈ ತಿರುಗಿಸಿ ನೋಡುತ್ತಿದ್ದರು, ಸ್ಟೇರಿಂಗ್ ಹಿಡಿದು ಜಡ್ಡುಗಟ್ಟಿದೆಯೋ ಎಂದು. ಅಷ್ಟೇ ಇಂಟರ್‌ವ್ಯೂ.

ನಾನು ಖಾಕಿ ಅಂಗಿ ತೆಗೆದಿಟ್ಟೆ. ಮಗಳು ಅದನ್ನು ಒಳಗಿಟ್ಟು, ತನ್ನ ಮದುವೆಗೆ ನನಗೆ ಹೊಲಿಸಿದ್ದ ಬಿಳಿ ಅಂಗಿ ಇಸ್ತ್ರಿ ಮಾಡಿ ತಂದಳು.

“ಇದ್ನ ಹಾಕ್ಕಂಡು ಲಾರಿ ಅಡಿಗೆ ಮಲಗೂಕೆ ಆಗ್ತದೇನೆ?” ಎಂದೆ.

“ಇಂಟರ್‌ವ್ಯೂಗೆ ಹೋದವ್ರನ್ನ ಯಾರೂ ಲಾರಿ ಅಡಿಗೆ ಮಲಗ್ಸೂದಿಲ್ಲ ಅಪ್ಪಾ. ಸುಮ್ನೆ ಹಾಕ್ಕೋ.”

ಬೂಟು ನನ್ನಲ್ಲಿ ಇರಲಿಲ್ಲ. ಅಳಿಯನದು ಹಾಕಿಸಿದಳು. ಕರಿ ಬೂಟು, ಕಿರುಬೆರಳಿಗೆ ಒತ್ತುತ್ತದೆ. ಅಂಕೋಲೆ ಮುಟ್ಟುವುದರೊಳಗೆ ಬಸ್ಸಿನಲ್ಲೇ ಎರಡು ಸಲ ಬಿಚ್ಚಿ ಹಾಕಿಕೊಂಡೆ.

ಕಂಪನಿಯ ಯಾರ್ಡು ಹೈವೇ ಪಕ್ಕ. ಲಾರಿಗಳು ಇದ್ದವು, ಅದೊಂದು ಸಮಾಧಾನ.

ಗೇಟಿನಲ್ಲಿ ರಾಮನಗುಳಿಯ ಬೀರಣ್ಣ ಸಿಕ್ಕ. ಅವನೂ ಡ್ರೈವರ್, ಇಪ್ಪತ್ತು ವರ್ಷ ಘಟ್ಟದಲ್ಲಿ ಎದುರುಬದುರಾಗಿ ಲೈಟ್ ಹೊಡೆದು ಮಾತಾಡಿಸಿದವರು ನಾವು. ಲುಂಗಿಯಲ್ಲಿ ಬಂದಿದ್ದ, ಪ್ಯಾಂಟು ಚೀಲದಲ್ಲಿತ್ತು. ಕಾಲಿಗೆ ಹವಾಯಿ ಚಪ್ಪಲಿ.

“ಏನಾ, ಹೆಣ್ಣು ನೋಡೂಕೆ ಹೊಂಟ್ಯಾ?” ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿದ.

“ಸುಮ್ನಿರಾ. ನೀ ಮೊದ್ಲು ಪ್ಯಾಂಟ್ ಹಾಕ್ಕ.”

ಒಳಗೆ ಒಬ್ಬರು ಮೇಡಂ ಕೂತಿದ್ದರು. ನನ್ನ ಲೈಸೆನ್ಸ್ ನೋಡಿದರು. ಆಮೇಲೆ ಬೂಟು ನೋಡಿ ಕಾಗದದಲ್ಲಿ ಟಿಕ್ ಹಾಕಿದರು.

ಬೂಟಿಗೆ ಟಿಕ್. ಅಂಗೈಯನ್ನು ಕಣ್ಣೆತ್ತಿಯೂ ನೋಡಲಿಲ್ಲ...

ಟ್ರಯಲ್‌ಗೆ ಹೊಚ್ಚ ಹೊಸ ಹತ್ತು ಚಕ್ರದ ಲಾರಿ ಕೊಟ್ಟರು, ಸೂಪರ್‌ವೈಸರ್ ಆಚೆ ಬಾಗಿಲಿನಿಂದ ಹತ್ತಿ ಪಕ್ಕದಲ್ಲಿ ಕೂತ. ಅವರ್ಸಾ ತನಕ ಹೋಗಿ ಬಂದೆ. ಗೇರು ಒಂದು ಸಲವೂ ಕಿರುಚಲಿಲ್ಲ. ರಿವರ್ಸ್‌ನಲ್ಲಿ ಗೆರೆಯೊಳಗೆ ತಂದು ನಿಲ್ಲಿಸಿದೆ.

ಇಳಿಯುವಾಗ ನೋಡುತ್ತೇನೆ, ಮೇಡಂ ನೆಲದ ಮೇಲಿನ ಏನನ್ನೋ ಮೊಬೈಲಿನಲ್ಲಿ ಫೋಟೊ ಹೊಡೆಯುತ್ತಿದ್ದಾರೆ.

ಅಳಿಯನ ಬೂಟು. ನಾನು ಲಾರಿ ಹತ್ತಿದ ಜಾಗದಲ್ಲೇ ಎರಡೂ ಜೋಡಿಯಾಗಿ ಕೂತಿದ್ದವು.

ಬಿಚ್ಚಿದ್ದು ನನಗೆ ನೆನಪೇ ಇಲ್ಲ. ಚಪ್ಪಲಿ ಕಾಲಲ್ಲಿಟ್ಟುಕೊಂಡು ಕ್ಯಾಬಿನ್ ಹತ್ತಿದವನಲ್ಲ ನಾನು. ಒಳಗೆ ದೇವರಿದ್ದಾನೆ, ಅಲ್ಲೇ ಉಣ್ಣುತ್ತೇವೆ, ಅಲ್ಲೇ ಮಲಗುತ್ತೇವೆ. ಅರಬೈಲ್ ಘಟ್ಟ ಇಳಿಯುವಾಗ ಬ್ರೇಕು ಎಷ್ಟು ಹಿಡಿಯಿತು ಎಂದು ಅಂಗಾಲಿಗೆ ತಿಳಿಯಬೇಕು.

ನಮ್ಮ ಹಳೇ ಲಾರಿಯಲ್ಲಿ ಚಪ್ಪಲಿ ಇಡಲು ಮೆಟ್ಟಿಲ ಪಕ್ಕ ಒಂದು ಡಬ್ಬ ಇತ್ತು. ಇಲ್ಲಿ ಇರಲಿಲ್ಲ, ನೆಲದಲ್ಲೇ ಬಿಟ್ಟು ಹತ್ತಿದ್ದೇನೆ.

“ಬೂಟ್ ಯಾಕೆ ತೆಗೆದ್ರಿ?” ಎಂದು ಮೇಡಂ ಕೇಳಿದರು.

“ಗಾಡಿಯೊಳಗೆ ದೇವ್ರಿರ್ತದಲ್ರಿ.”

“ಈ ಗಾಡಿಯಲ್ಲಿ ಇನ್ನೂ ಫೋಟೊನೇ ಇಟ್ಟಿಲ್ಲವಲ್ಲ.”

“ಸ್ಟೇರಿಂಗ್ ಇದ್ಯಲ್ರಿ.”

ಮೇಡಂ ನಗಲಿಲ್ಲ. ಏನೋ ಬರೆದುಕೊಂಡರು. ತಿಳಿಸುತ್ತೇವೆ ಎಂದರು.

ಮುಂದೆ ಬೀರಣ್ಣನ ಪಾಳಿ. ಹವಾಯಿ ಚಪ್ಪಲಿ ನೋಡಿ ಸೂಪರ್‌ವೈಸರ್ ಹತ್ತಲು ಬಿಡಲಿಲ್ಲ.

“ನಿನ್ ಬೂಟ್ ಕೊಡಾ. ನಿಂಗಂತೂ ಬ್ಯಾಡಾಯ್ತಲ್ಲ,” ಎಂದ ಬೀರಣ್ಣ ನನಗೆ.

ಕೊಟ್ಟೆ. ಬೂಟು ಹಾಕಿಕೊಂಡೇ ಹತ್ತಿದ. ಹತ್ತುವ ಮೊದಲು ಲಾರಿಯ ಮೆಟ್ಟಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡದ್ದನ್ನು ನಾನೊಬ್ಬನೇ ನೋಡಿದೆ.

ಮರುದಿನವೇ ಅವನಿಗೆ ಫೋನ್ ಬಂತು. ಈಗ ಡ್ಯೂಟಿಯಲ್ಲಿದ್ದಾನೆ. ನನಗೆ ಒಂಬತ್ತು ದಿನವಾಯಿತು, ಏನೂ ಇಲ್ಲ.

ಬೀರಣ್ಣ ಚಲೋ ಡ್ರೈವರ್, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಬೂಟು ಅದೇ. ಅವನ ಕಾಲಲ್ಲಿ ಪಾಸಾದದ್ದು ನನ್ನ ಕಾಲಲ್ಲಿ ಯಾಕೆ ಫೇಲಾಯಿತು?

ಕಂಪನಿಯವರೇ, ಆ ಫೋಟೊ ಎಲ್ಲಿಗೆ ಹೋಯಿತು? ಯಾರಿಗೆ ತೋರಿಸಿ ನಕ್ಕಿರಿ? ಅಥವಾ ವಯಸ್ಸು ನೋಡಿ ಬೇಡವೆಂದವರು ಬೂಟಿನ ನೆಪ ಹಿಡಿದಿರೋ?

ಮಗಳು ಹೇಳುತ್ತಾಳೆ, ಏನಾದರೂ ಆದರೆ ಕಾಲು ಉಳಿಯಲಿ ಎಂದು ಬೂಟು, ನಿನ್ನ ಮೇಲಿನ ಹಗೆಗಲ್ಲ ಎಂದು. ಇರಬಹುದು.

ಹಾಗಾದರೆ ಒಂದು ಜೊತೆ ಬೂಟು ಗಾಡಿಯೊಳಗೇ ಇರಲಿ, ನೆಲಕ್ಕೆ ತಾಗದ್ದು. ಹತ್ತಿದ ಮೇಲೆ ಹಾಕಿಕೊಳ್ಳುತ್ತೇನೆ, ಇಳಿಯುವ ಮೊದಲು ಬಿಚ್ಚುತ್ತೇನೆ. ಇದಕ್ಕಿಂತ ಹೆಚ್ಚು ಬಗ್ಗಲು ನನಗೆ ಬರುವುದಿಲ್ಲ.

ಐಸ್ ಫ್ಯಾಕ್ಟರಿಯವರು ಹದಿನೈದನೇ ತಾರೀಖಿನ ತನಕ ಮಾತ್ರ ಕಾಯುತ್ತಾರೆ. ಆ ಕುರ್ಚಿಯಲ್ಲಿ ಕೂತರೆ ಮತ್ತೆ ಸ್ಟೇರಿಂಗ್ ಇಲ್ಲ, ಬೇರೆಯವರ ಲಾರಿಗೆ ಗೇಟು ತೆಗೆಯುವುದೇ.

ಹೌದೋ ಇಲ್ಲವೋ, ಹದಿನಾಲ್ಕನೇ ತಾರೀಖು ಸಂಜೆಯೊಳಗೆ ಇದರ ಕೆಳಗೇ ಬರೆಯಿರಿ.