ಟಿವಿಗಿಂತ ಮೊದಲೇ ನನಗೆ ಗೊತ್ತಿತ್ತು

ಇವತ್ತು ಮಾಡಿದ ಕೆಲಸ: ಬೆಳಿಗ್ಗೆ ಐದೂವರೆಗೆ ಎದ್ದು ನೀರು ಹಿಡಿದೆ. ಇವರ ಮೊದಲ ಶಿಫ್ಟಿನ ಡಬ್ಬಿಗೆ ಅವಲಕ್ಕಿ ಕಲಸಿದೆ. ಜೋಳದ ಹಿಟ್ಟು ಜರಡಿ ಹಿಡಿದೆ. ಮಾವನವರ ಎರಡು ಧೋತರ ಒಗೆದು ಹಿತ್ತಲಲ್ಲಿ ಹರವಿದೆ. ಒಂಬತ್ತರ ಬಸ್ಸಿಗೆ ಅವರನ್ನು ಹಳಿಯಾಳಕ್ಕೆ ಕರೆದುಕೊಂಡು ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಬರುವಾಗ ಬಸ್ಸಿನಲ್ಲಿ, ಮೂರು ವರ್ಷದಿಂದ ಮುಚ್ಚಿಟ್ಟದ್ದನ್ನು ಅವರಿಗೆ ಹೇಳಿದೆ — ಟೆನಿಸ್ ನೋಡುತ್ತ ಪಂಥ, ನಮ್ಮ ಮಾತಿನಲ್ಲಿ ಪೈಜು, ಕಟ್ಟುವಾಗ ನಾನು ಅವರಿಗೆ ಮೋಸ ಮಾಡಿದ್ದೆ. ಒಂದು ದಿನವಲ್ಲ. ಒಂದು ಬೇಸಿಗೆ ಪೂರ್ತಿ.

ದಿನದ ಕೆಲಸ ಬರೆದಿಡುವುದು ನನಗೆ ಅತ್ತೆಯಿಂದ ಬಂದ ರೂಢಿ. ಗ್ಯಾಸು ಯಾವಾಗ ಹಚ್ಚಿದ್ದು, ಏನು ಅಡುಗೆ, ಯಾರು ಮೊದಲು ಮಲಗಿದ್ದು. ಕಡೆಗೆ ಮಲಗಿದವರು ಕದ ಹಾಕಬೇಕು. ಮರೆತರೆ ಬೆಳಿಗ್ಗೆ ಯಾರನ್ನು ಕೇಳಬೇಕೆಂದು ತಿಳಿಯಲಿ ಎಂದು ಅತ್ತೆ ಹೇಳುತ್ತಿದ್ದರು. ಹಾಗೆ ಬರೆದ ಪುಸ್ತಕಗಳಲ್ಲಿ ಒಂದು ಪುಟ ಸುಳ್ಳಿನದಿದೆ. 'ಇವತ್ತು ಮಾವ ಸೋತರು' ಎಂದು ಬರೆದ ಪುಟ.

ಮಾವ ಹುಡುಗರಿದ್ದಾಗಲೇ ಧಾರವಾಡದ ಕಡೆಯಿಂದ ದಾಂಡೇಲಿಗೆ ಬಂದವರು. ಕಾರ್ಖಾನೆಯ ಸಾಹೇಬರ ಕ್ಲಬ್ಬಿನ ಟೆನಿಸ್ ಅಂಗಳದಲ್ಲಿ ಮೂವತ್ತೆಂಟು ವರ್ಷ ಮಾರ್ಕರ್ ಆಗಿದ್ದರು. ಮಾರ್ಕರ್ ಎಂದರೆ — ಮಣ್ಣಿಗೆ ನೀರು ಹೊಡೆದು ರೋಲರ್ ಎಳೆಯುವುದು, ನೆಟ್ ಕಟ್ಟುವುದು, ಸುಣ್ಣದ ಗೆರೆ ಹಾಕುವುದು, ಜೊತೆಗಾರರು ಬಾರದ ಸಾಹೇಬರ ಎದುರು ನಿಂತು ಆಡುವುದು, ಸಾಹೇಬರಿಗೆ ತಾವೇ ಗೆದ್ದೆವೆಂದು ಅನಿಸುವ ಹಾಗೆ ಆಡುವುದು. ದಾರ ಹಿಡಿಯದೆ ಎಳೆದರೂ ಅವರ ಗೆರೆ ಸೊಟ್ಟ ಬರುತ್ತಿರಲಿಲ್ಲವಂತೆ. ಚೆಂಡು ಒಳಗೋ ಹೊರಗೋ ಎಂದು ತಕರಾರು ಬಂದರೆ ಎರಡೂ ಕಡೆಯ ಸಾಹೇಬರು ಮಾವನತ್ತ ತಿರುಗುತ್ತಿದ್ದರು. ಮಾವ ಕೈ ಎತ್ತಿದರೆ ಮುಗಿಯಿತು, ಮುಂದೆ ಮಾತಿಲ್ಲ.

ಅತ್ತೆ ಹೋದ ಮೇಲೆ ದಾಂಡೇಲಿ ಹತ್ತಿರದ ಅಂಬೇವಾಡಿಯ ನಮ್ಮ ಮನೆಯಲ್ಲಿ ಮಾತು ನಿಂತುಹೋಯಿತು. ನಾನು ಮಾವನೆದುರು ಸೆರಗು ಹೊದ್ದು, ಏನು ಹೇಳಬೇಕಾದರೂ ಅತ್ತೆಯ ಬಾಯಿಂದಲೇ ಹೇಳಿಸಿ ರೂಢಿಯಾದವಳು. ಇವರು ಕಾರ್ಖಾನೆಗೆ ಹೋದರೆ ನಾವಿಬ್ಬರೇ. ದಿನಕ್ಕೆ ಎರಡು ಮಾತು — ನೀರು ಕಾದಾವ್ರಿ, ಊಟಕ್ಕ ಬರ್ರಿ. ಮೂರನೆಯ ಮಾತು ಟೆನಿಸ್ಸಿನಿಂದ ಬಂತು. ಬೆಳಗಾವಿಗೆ ಕೊಟ್ಟ ನನ್ನ ಮಗಳು ಇಂಟರ್ನೆಟ್ಟಿನಿಂದ ಟಿವಿ ನೋಡುವ ಡಬ್ಬಿ ಕೊಡಿಸಿದಳು. ಅದರಲ್ಲಿ ಮಧ್ಯಾಹ್ನದ ಹೊತ್ತು ದೂರದೇಶದ ಟೂರ್ನಿಗಳು ಬರುತ್ತಿದ್ದವು. ಮಾವ ಕುರ್ಚಿಯಲ್ಲಿ, ನಾನು ಅವರ ಹಿಂದೆ ಅಡುಗೆಮನೆಯ ಹೊಸ್ತಿಲಿಗೆ ಒರಗಿ ಅಕ್ಕಿ ಹಸನು ಮಾಡುತ್ತ. ಒಂದು ದಿನ ಅವರು ತಮ್ಮಷ್ಟಕ್ಕೆ ಅಂದರು — ಇದು ಹೊರಗ ಹೋಗತೈತಿ. ಹೋಯಿತು. ಮತ್ತೊಂದು ಸಲ ಅಂದರು, ಮತ್ತೆ ಹಾಗೇ ಆಯಿತು. ಹೇಗೆ ಗೊತ್ತಾಯಿತೆಂದು ನಾನು ಬಾಯಿಬಿಟ್ಟು ಕೇಳಿಬಿಟ್ಟೆ.

"ಆಕಿ ಮೊಣಕಾಲ ನೋಡವಾ. ಚೆಂಡು ಕೈಯಿಂದ ಹೋಗೂದಿಲ್ಲ, ಮೊಣಕಾಲಿಂದ ಹೋಗತೈತಿ."

ಅಲ್ಲಿಂದ ಪೈಜು ಶುರುವಾಯಿತು. ಚೌಕಾಬಾರದ ಹುಣಸೆ ಬೀಜಗಳನ್ನು ಎರಡು ಡಬ್ಬಿಗೆ ಹಂಚಿಕೊಂಡೆವು. ಮುಖ್ಯ ಅಂಕ ಬಂದಾಗ ಅವರೊಂದು ಹೇಳುವುದು. ನನಗೆ ಬೇರೆ ಅನಿಸಿದರೆ ನಾನು ಎದುರು ಹೇಳುವುದು. ಸೋತವರು ಗೆದ್ದವರಿಗೆ ಒಂದು ಬೀಜ. ಸಂಜೆಗೆ ಯಾರ ಡಬ್ಬಿ ಹಗುರವೋ ಅವರು ರಾತ್ರಿಯ ಚಟ್ನಿಗೆ ಬೆಳ್ಳುಳ್ಳಿ ಸುಲಿಯಬೇಕು. ಎರಡು ವರ್ಷ ನಾನೇ ಸುಲಿದೆ. ಹತ್ತರಲ್ಲಿ ಏಳು ಅವರದೇ ಸರಿ ಬರುತ್ತಿತ್ತು. ನಡಿಯವಾ, ಬೆಳ್ಳೊಳ್ಳಿ ನಿನ್ನ ಹಾದಿ ಕಾಯಾಕತ್ತಾವ — ಎಂದು ನಗುತ್ತಿದ್ದರು. ಆಟಗಾರ್ತಿಯರ ಹೆಸರು ನಮ್ಮಿಬ್ಬರ ನಾಲಿಗೆಗೂ ಹೊರಳುತ್ತಿರಲಿಲ್ಲ. ಎಡಗೈಯವಳು, ಉದ್ದ ಜಡೆಯವಳು, ಚೀರುವವಳು — ಹೀಗೆ ನಮ್ಮ ಮನೆಯ ಹೆಸರುಗಳೇ ಇದ್ದವು.

ನನ್ನ ತವರು ತೇರಗಾಂವ. ತಮ್ಮ ಬಸುನದು ಹಳಿಯಾಳ ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ. ಅವನು ಫೋನಿನಲ್ಲಿ ಟೆನಿಸ್ ಮೇಲೆ ದುಡ್ಡು ಹಚ್ಚುತ್ತಿದ್ದ. ಮಾವನ ಅಂದಾಜಿನ ಸುದ್ದಿ ಕೇಳಿ, ಯಾರು ಗೆಲ್ಲುತ್ತಾರೆಂದು ಹೇಳಿರೆಂದು ಒಮ್ಮೆ ಫೋನು ಮಾಡಿದ್ದ. ನಾ ಹುಣಸಿ ಬೀಜದ ಗಿರಾಕಿಪಾ, ನೋಟಿನ ಸುದ್ದಿ ನನ್ನ ಕೇಳಬ್ಯಾಡ ಎಂದು ಮಾವ ಇಟ್ಟುಬಿಟ್ಟರು. ಆಮೇಲೆ ಒಂದು ದಿನ ಬಸು ಬಸ್ಸಿನಿಂದಿಳಿದು ನಡೆದುಕೊಂಡೇ ಮನೆಗೆ ಬಂದ. ಬೈಕೆಲ್ಲಿ ಎಂದರೆ, ದುಡ್ಡು ಹಚ್ಚಿ ಸೋತು ಮಾರಿದೆ ಎಂದ.

"ಟಿವ್ಯಾಗ ನೋಡೂದು ಅರ್ಧ ನಿಮಿಷ ಹಳೇದು, ಅಕ್ಕಾ. ಅಂಕ ಫೋನಿನಾಗ ಮೊದಲು ಬರತೈತಿ. ಟಿವ್ಯಾಗ ಆಕಿ ಇನ್ನಾ ಚೆಂಡು ಪುಟಿಸಾಕತ್ತಿರತಾಳ, ಇಲ್ಲೆ ಅದು ಮುಗದ ಹೋಗಿರತೈತಿ. ಇದು ಗೊತ್ತಿದ್ದವರು ನನ್ನಂಥಾವರನ್ನ ನುಂಗಿದ್ರು."

ಅವನನ್ನು ಬೈದೆ. ಜೂಜು ಮನೆ ಮುಳುಗಿಸುತ್ತದೆ ಎಂದು ಉಪದೇಶ ಮಾಡಿದೆ, ರೊಟ್ಟಿ ಬಡಿಸಿ ಕಳಿಸಿದೆ. ಮರುದಿನ — ನಾನೇ, ಯಾರೂ ಹೇಳಿಕೊಡದೆ — ಅಂಕ ತೋರಿಸುವ ಆ್ಯಪ್ ಒಂದನ್ನು ನನ್ನ ಫೋನಿಗೆ ಹಾಕಿಕೊಂಡೆ. ಮೊರದ ಅಂಚಿನಡಿ ಇಟ್ಟುಕೊಂಡೆ. ಒಂದೇ ಒಂದು ಸಲ ಗೆದ್ದು ನೋಡೋಣ ಎಂದು…

ಗೆದ್ದೆ. ಮಾವ ಕುರ್ಚಿಯಲ್ಲೇ ತಿರುಗಿ, ಮದುವೆಯಾಗಿ ಬಂದ ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಮುಖ ನೋಡಿ ಅಂದರು — ನಿನ್ನ ಕಣ್ಣು ತಯಾರಾತು ಬಿಡವಾ. ಆ ಮಾತು ಇನ್ನೊಮ್ಮೆ ಬೇಕೆನಿಸಿತು. ಆಮೇಲೆ ದಿನಾ ಬೇಕೆನಿಸಿತು.

ಮೋಸ ಹೇಗಿತ್ತೆಂದು ಸರಿಯಾಗಿ ಬರೆಯಬೇಕು. ಅಲ್ಲಿಯೇ ನನ್ನ ತಪ್ಪಿರುವುದು. ಅವರು ಹೇಳಿದ್ದು ಸರಿಯೆಂದು ಫೋನು ತೋರಿಸಿದರೆ ನಾನು ನನಗೂ ಹಾಗೇ ಅನಸತೈತ್ರಿ ಎನ್ನುತ್ತಿದ್ದೆ. ಆಗ ಪೈಜಿಲ್ಲ, ಬೀಜವಿಲ್ಲ. ಅವರು ಹೇಳಿದ್ದು ತಪ್ಪೆಂದು ತೋರಿಸಿದರೆ ಮಾತ್ರ ಎದುರು ಹೇಳುತ್ತಿದ್ದೆ. ಅವರ ಅಂದಾಜು ಮೊದಲಿನಷ್ಟೇ ಇತ್ತು — ಹತ್ತರಲ್ಲಿ ಏಳು. ಆ ಏಳು ಲೆಕ್ಕಕ್ಕೇ ಬರದ ಹಾಗೆ ಮಾಡಿ, ಮೂರನ್ನಷ್ಟೇ ಆರಿಸಿ ಅವರ ಮುಂದೆ ಇಟ್ಟೆ. ಪೈಜು ಕಟ್ಟಿದಾಗಲೆಲ್ಲ ಅವರಿಗೆ ಸೋಲು. ತಿಂಗಳಲ್ಲಿ ಬೆಳ್ಳುಳ್ಳಿ ಅವರ ಕೈಗೆ ಹೋಯಿತು. ಸುಲಿಯುತ್ತ ಟಿವಿಯತ್ತ ನೋಡಿ, ಕಣ್ಣುಜ್ಜಿಕೊಂಡು, ಮತ್ತೆ ನೋಡುತ್ತಿದ್ದರು. ಆಗಲಾದರೂ ನಾನು…

ಅದೇ ದಿನಗಳಲ್ಲಿ ಹಳಿಯಾಳದ ಒಂದು ಹೈಸ್ಕೂಲಿನ ಆಟದ ಮಾಸ್ತರರು ಮನೆಗೆ ಬಂದರು. ಶಾಲೆಯ ಹಿಂದೆ ಹೊಸದಾಗಿ ಟೆನಿಸ್ ಅಂಗಳ ಮಾಡಿದ್ದಾರೆ, ಎಂಟು ಹುಡುಗಿಯರಿದ್ದಾರೆ, ಕಲಿಸುವವರಿಲ್ಲ. ಭಾನುವಾರಕ್ಕೊಮ್ಮೆ ಬರಬೇಕು, ಬಸ್ಸಿಗೆ ನಾವೇ ಬಂದು ನಿಂತಿರುತ್ತೇವೆ ಎಂದರು. ಮಾಸ್ತರರು ಹೋದ ಮೇಲೆ ಮಾವ ಅಟ್ಟದಿಂದ ಹಳೆಯ ಕ್ಯಾನ್ವಾಸ್ ಬೂಟು ಇಳಿಸಿದರು. ಬಿಳಿ ಬಣ್ಣ ಹಚ್ಚಿ ಕಾಂಪೌಂಡಿನ ಮೇಲೆ ಒಣಗಲು ಇಟ್ಟರು. ಎರಡು ದಿನ ಆ ಬೂಟು ಅಲ್ಲಿತ್ತು.

ಶನಿವಾರ ಸಂಜೆ ಕೆಂಪು ಮಣ್ಣಿನ ಅಂಗಳದ ಫೈನಲ್. ಹೆಂಗಸರದು. ಮೂರನೆಯ ಸೆಟ್, ಎಡಗೈಯವಳಿಗೆ ಇನ್ನೊಂದು ಅಂಕ ಬಂದರೆ ಮುಗಿಯಿತು. ಅವಳ ಮೊದಲ ಸರ್ವ್ ನೆಟ್ಟಿಗೆ ಬಿತ್ತು. ಮಾವ ಮುಂದೆ ಬಾಗಿದರು.

"ಎರಡನೇದೂ ನೆಟ್ಟಿಗೆ ಹೋಗತೈತಿ. ಆಟ ಈಗ ಮುಗಿಯೂದಿಲ್ಲ. ಇದೊಂದು ಖರೆ ಆದ್ರ ನಾಳೆ ಹಳಿಯಾಳಕ್ಕ ಹೋಗ್ತೇನಿ. ಇಲ್ಲಾಂದ್ರ ಕಣ್ಣು ಹೋದಂವ ಆ ಹುಡುಗ್ಯಾರಿಗೆ ಏನು ಕಲಿಸಲಿ? ನೀ ಏನಂತಿ ಹೇಳು."

ಮೊರದಡಿ ಫೋನಿನಲ್ಲಿ ಆಟ ಮುಗಿದಿತ್ತು. ಎಡಗೈಯವಳು ಗೆದ್ದಿದ್ದಳು. ನಾನು ಸುಮ್ಮನಿದ್ದರೆ ಅವರು ಒಂದು ತಪ್ಪಿದರು, ಅಷ್ಟೇ — ಆಟದಲ್ಲಿ ತಪ್ಪುವುದು ಹೊಸದಲ್ಲ, ಎಂದು ಸಮಾಧಾನ ಹೇಳಬಹುದಿತ್ತು. ಇಲ್ಲವೆ ಆ ಹೊತ್ತಿಗೇ ಮೊರ ಎತ್ತಿ ಫೋನು ತೋರಿಸಿದ್ದರೆ…

"ಮುಗೀತೈತ್ರಿ ಮಾವಾರ," ಅಂದೆ.

ಟಿವಿಯಲ್ಲಿ ಎರಡನೆಯ ಸರ್ವ್ ಗೆರೆ ಮುಟ್ಟಿ ಹೋಯಿತು. ಎದುರಿನವಳ ರಾಕೆಟ್ಟಿಗೆ ಸಿಗಲಿಲ್ಲ. ಮಾವ ತಮ್ಮ ಡಬ್ಬಿ ತೆಗೆದು, ಒಂದು ಬೀಜವಲ್ಲ, ಪೂರ್ತಿ ನನ್ನ ಡಬ್ಬಿಗೆ ಸುರಿದರು.

"ಆತು ಬಿಡವಾ. ನನ್ನ ಅಂದಾಜು ಹೋತು."

ಮಾಸ್ತರರಿಗೆ ಫೋನು ಹಚ್ಚಿಕೊಡು ಎಂದರು. ಹಚ್ಚಿಕೊಟ್ಟದ್ದೂ ನಾನೇ. ಬೂಟನ್ನು ಪೇಪರಿನಲ್ಲಿ ಸುತ್ತಿ ಅಟ್ಟಕ್ಕೆ ಇಟ್ಟದ್ದೂ ನಾನೇ.

ಯಾಕೆ ಮಾಡಿದೆ ಎಂದು ಈ ಮೂರು ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ. ವಯಸ್ಸಾದವರು, ಬಸ್ಸಿನಲ್ಲಿ ಬಿದ್ದರೆ ಎಂದು ಮೊದಮೊದಲು ಹೇಳಿಕೊಳ್ಳುತ್ತಿದ್ದೆ. ಅದು ಖರೆಯಲ್ಲ. ಅವರು ಹೋದರೆ ಭಾನುವಾರ ಮನೆಯಲ್ಲಿ ಮತ್ತೆ ಮಾತಿರುವುದಿಲ್ಲ ಎಂಬುದು ಒಂದು. ಇನ್ನೊಂದು ಬರೆಯಲು ನಾಚಿಕೆ — ಯಾರದೋ ಮನೆಯ ಎಂಟು ಹುಡುಗಿಯರಿಗೆ ಕಲಿಸಲು ಬೂಟಿಗೆ ಬಣ್ಣ ಹಚ್ಚಿದವರು, ನೀನೂ ಒಮ್ಮೆ ರಾಕೆಟ್ ಹಿಡಿದು ನೋಡು ಎಂದು ನನಗೆ ಯಾವತ್ತೂ ಅಂದಿರಲಿಲ್ಲ. ಹೊಟ್ಟೆಕಿಚ್ಚು. ನಲವತ್ತೇಳನೆಯ ವಯಸ್ಸಿನಲ್ಲಿ.

ಅವರು ಟಿವಿ ನೋಡುವುದು ಬಿಟ್ಟರು. ಅದಷ್ಟೇ ಆಗಿದ್ದರೆ ನಾನೂ ಮರೆಯುತ್ತಿದ್ದೆನೋ ಏನೋ. ಹಾಲು ಉಕ್ಕುವ ಮೊದಲೇ ಕೂಗಿ ಹೇಳುತ್ತಿದ್ದವರು, ಸದ್ದಿನ ಮೇಲೆ ಯಾವ ಊರಿನ ಬಸ್ಸೆಂದು ಹೇಳುತ್ತಿದ್ದವರು, ಎಲ್ಲದಕ್ಕೂ ಕೇಳತೊಡಗಿದರು. ಸಾರಿಗೆ ಉಪ್ಪು ಸಾಕೇನು? ಇದು ನನ್ನ ಚಪ್ಪಲಿ ಹೌದಿಲ್ಲೋ? ರಸ್ತೆ ದಾಟುವಾಗ ಬರಿದಾದ ರಸ್ತೆ ನೋಡಿಯೂ ನನ್ನನ್ನು ಕೇಳುತ್ತಿದ್ದರು — ಗಾಡಿ ಬರಾಕತ್ತೇತೇನವಾ?

ಇವತ್ತು ಡಾಕ್ಟರು ದೀಪ ಹಾಕಿ ನೋಡಿ, ಅಕ್ಷರ ಓದಿಸಿ, ಈ ವಯಸ್ಸಿಗೆ ನಿಮ್ಮ ಕಣ್ಣು ಭಾಳ ಚಲೋ ಅದಾವ ಅಜ್ಜಾರ ಎಂದರು. ಮಾವ ಕುರ್ಚಿ ಬಿಟ್ಟು ಏಳದೆ ಕೇಳಿದರು.

"ಕಾಣೂದು ಕಾಣತೈತ್ರಿ. ಕಂಡದ್ದು ಖರೇನೋ ಸುಳ್ಳೋ ಅಂತ ನಂಬಿಕಿ ಬರವಲ್ದು. ಅದಕ್ಕೇನರ ಔಷಧ ಐತೇನ್ರಿ?"

ಡಾಕ್ಟರು ನಕ್ಕರು. ಆ ಔಷಧ ಮೂರು ವರ್ಷದಿಂದ ನನ್ನ ಬಾಯಲ್ಲಿತ್ತು.

ಬಸ್ಸು ಊರು ಬಿಟ್ಟ ಮೇಲೆ ಕಬ್ಬಿನ ಟ್ರಾಲಿಯ ಹಿಂದೆ ಸಿಕ್ಕಿ ನಿಧಾನವಾಯಿತು. ಅಲ್ಲಿ ಹೇಳಿದೆ. ಫೋನು, ಮೊರ, ನನಗೂ ಹಾಗೇ ಅನಸತೈತ್ರಿ ಎಂದದ್ದು, ಏಳನ್ನು ಮುಚ್ಚಿ ಮೂರನ್ನು ತೋರಿಸಿದ್ದು, ಫೈನಲ್ಲಿನ ಸಂಜೆ — ಒಂದನ್ನೂ ಬಿಡದೆ ಹೇಳಿದೆ. ಅವರು ಎದುರಿನ ಕಬ್ಬನ್ನೇ ನೋಡುತ್ತಿದ್ದರು. ಕೇಳಿಸಿತೋ ಇಲ್ಲವೋ ಎಂದುಕೊಂಡೆ. ಟ್ರಾಲಿ ಪಕ್ಕಕ್ಕೆ ಸರಿದ ಮೇಲೆ ಮಾತಾಡಿದರು.

"ಸಾಹೇಬರ ಮುಂದ ನಾ ಬೇಕಂತ ಸೋತೇನಿ, ಕಸ್ತೂರಿ. ಹೊಟ್ಟಿ ಸಲುವಾಗಿ. ಆದ್ರ ಗೆರಿ — ಗೆರಿ ಎಂದೂ ಸುಳ್ಳ ಹೇಳಿಲ್ಲ."

ಮತ್ತೆ ಸ್ವಲ್ಪ ದೂರ ಹೋದ ಮೇಲೆ, ಆ ಹುಡುಗ್ಯಾರು ಈಗ ಕಾಲೇಜಿಗೆ ಹೋಗಿರಬೇಕು ಎಂದರು. ಅಷ್ಟೇ. ಅಂಬೇವಾಡಿಯಲ್ಲಿ ಇಳಿದು, ನನ್ನನ್ನು ಏನೂ ಕೇಳದೆ, ಎರಡೂ ಕಡೆ ತಾವೇ ನೋಡಿ ರಸ್ತೆ ದಾಟಿದರು. ಸಿಟ್ಟಿನಿಂದಲೋ ಏನೋ ತಿಳಿಯಲಿಲ್ಲ. ನಾನು ಚೀಲ ಹಿಡಿದು ಹಿಂದೆ ನಡೆದೆ.

ಇವರು ಶಿಫ್ಟು ಮುಗಿಸಿ ಬಂದ ಮೇಲೆ ಚಹಾ ಕೊಟ್ಟು ಇವರಿಗೂ ಹೇಳಿದೆ. ಹುಣಸಿ ಬೀಜದ ಸಲುವಾಗಿ ಇಷ್ಟು ರಂಪ ಏನ ಎಂದು ಇವರು ನಕ್ಕರು. ಮಾವ ಒಳಗಿನಿಂದಲೇ, ನಿನಗ ತಿಳಿಯೂದಿಲ್ಲ ಬಿಡಪಾ ಎಂದರು. ನನ್ನ ತಪ್ಪಿನ ತೂಕ ಈ ಮನೆಯಲ್ಲಿ ಅವರಿಗೆ ಮತ್ತು ನನಗೆ, ಇಬ್ಬರಿಗೇ ಗೊತ್ತು.

ಆ ಮಾಸ್ತರರಿಗೆ ಮುಂಡಗೋಡಿಗೆ ವರ್ಗವಾಗಿದೆ. ನಾಳೆ ಫೋನು ಮಾಡಿ, ಅವತ್ತು ಮಾವ ಬಾರದಿದ್ದದ್ದಕ್ಕೆ ಕಾರಣ ನಾನು ಎಂದು ಹೇಳುವುದು. ಅದರಿಂದ ಏನೂ ತಿರುಗಿ ಬರುವುದಿಲ್ಲ. ಹಳೆಯ ಪುಸ್ತಕ ತೆಗೆದು 'ಇವತ್ತು ಮಾವ ಸೋತರು' ಎಂಬುದರ ಕೆಳಗೆ 'ನಾನು ಮೊದಲೇ ನೋಡಿದ್ದೆ' ಎಂದು ಬರೆದೆ. ಮೊದಲಿನ ಸಾಲನ್ನು ಹೊಡೆದುಹಾಕಲಿಲ್ಲ. ಎರಡೂ ಇರಲಿ.

ರಾತ್ರಿ ಬಿಸಿ ರೊಟ್ಟಿ, ಮಡಿಕೆಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು. ಬೆಳ್ಳುಳ್ಳಿ ನಾನೇ ಸುಲಿದೆ. ಮಾವ ಎರಡು ರೊಟ್ಟಿ ಉಂಡರು. ಉಪ್ಪು ಸಾಕೇನೆಂದು ಕೇಳಲಿಲ್ಲ. ಕೈ ತೊಳೆದುಕೊಂಡು ಹೋಗುವಾಗ, ನಾನು ಈ ಪುಸ್ತಕ ತೆಗೆದದ್ದನ್ನು ನೋಡಿ ಬಾಗಿಲಲ್ಲಿ ನಿಂತರು. ಯಾವತ್ತೂ ನಮ್ಮ ಮನೆಯಲ್ಲಿ ಮೊದಲು ಮಲಗುವವರು ಅವರೇ. ಮೂರು ವರ್ಷದ ಮೇಲೆ ಒಂದು ಅಂದಾಜು ಹೇಳಿದರು.

"ಬರ್ಕೋ. ಇವತ್ತ ಮೊದಲು ನಿನ್ನ ಗಂಡ ಮಲಗತಾನ. ಆಮ್ಯಾಲ ನಾ. ನಿನಗ ನಿದ್ದಿ ಬರೂದಿಲ್ಲ."

ನನಗೂ ಹಾಗೇ ಅನಸತೈತ್ರಿ ಎನ್ನಲಿಲ್ಲ. ಎದುರೂ ಹೇಳಲಿಲ್ಲ. ಕಾದು ನೋಡಿ ಬರೆಯುತ್ತಿದ್ದೇನೆ.

ಮೊದಲು ಇವರು ಮಲಗಿದರು. ಆಮೇಲೆ ಮಾವ. ಕದ ನಾನು ಹಾಕಿದೆ.