ಭೂತಾನದ ಮಗ್ಗದ ಮೇಲೆ ಸೀತಕ್ಕನ ಬೆರಳು

ಪಾರೋ ಕಣಿವೆಯ ಆ ಮನೆಯ ಜಗಲಿಯಲ್ಲಿ ನಾನಿದ್ದೆ, ನನ್ನ ಹೆಂಡತಿ ಜಯಂತಿ ಇದ್ದಳು, ತಲ್ಲೂರಿನಲ್ಲಿ ಹೋಟೆಲ್ ನಡೆಸುವ ಶಂಕರಣ್ಣ ಇದ್ದರು, ಹಿಂದಿ ಮಾತಾಡುವ ಭೂತಾನಿ ಗೈಡ್ ಇದ್ದ. ಜೊತೆಗೆ ಬಾರ್ಕೂರಿನ ಸೀತಕ್ಕ, ನನ್ನ ದೊಡ್ಡಪ್ಪನ ಮಗಳು. ನಮ್ಮೆಲ್ಲರ ನಡುವೆ ಆ ಮನೆಯ ಹೆಂಗಸು, ಮಗ್ಗಕ್ಕೆ ಕಟ್ಟಿಕೊಂಡು ಕುಳಿತಿದ್ದಳು.

ಕಟ್ಟಿಕೊಂಡು ಅಂದರೆ ನಿಜವಾಗಿಯೂ ಕಟ್ಟಿಕೊಂಡೇ. ಬೆನ್ನಿಗೆ ಅಗಲವಾದ ಪಟ್ಟಿ. ಹಿಂದಕ್ಕೆ ಒರಗಿದರೆ ನೂಲು ಬಿಗಿ, ಮುಂದಕ್ಕೆ ಬಾಗಿದರೆ ಸಡಿಲ. ಅಲ್ಲಿ ನೇಯುವವಳ ಮೈಯೇ ಅರ್ಧ ಮಗ್ಗ. ಎದುರಿಗೆ ಬರೆದಿಟ್ಟ ಡಿಸೈನ್ ಇಲ್ಲ. ಹೂವು, ಬಳ್ಳಿ ಎಲ್ಲ ತಲೆಯೊಳಗೆ. ಅವಳು ನೇಯುತ್ತಿದ್ದದ್ದು ಕೀರಾ, ಅಲ್ಲಿನ ಹೆಂಗಸರು ಮೈಗೆ ಸುತ್ತಿ ಉಡುವ ಬಟ್ಟೆ.

ನಮ್ಮ ಟೂರ್ ಪಟ್ಟಿಯಲ್ಲಿ ಇದಕ್ಕೆ ಅರ್ಧ ಗಂಟೆ. ನಾವೇನು ಮಾಡಿದೆವು? ಫೋಟೋ ತೆಗೆದೆವು. ಅವಳ ಕೆನ್ನೆಯ ಕೆಂಪು ಚೆಂದ ಅಂದೆವು. ಪಕ್ಕದಲ್ಲಿ ಕುಳಿತು ಸೆಲ್ಫಿ ಹೊಡೆದೆವು. (ಹೊಡೆದವನು ನಾನೇ.)

ಸೀತಕ್ಕ ಮಾತ್ರ ಬಟ್ಟೆ ನೋಡುತ್ತಿದ್ದಳು.

ಮೂವತ್ತು ವರ್ಷ ಸೀರೆ ನೇಯ್ದವಳು ಅವಳು. ಏಳು ವರ್ಷದ ಹಿಂದೆ ನಿಲ್ಲಿಸಿದಳು. ಯಾರು ಕೇಳಿದರೂ ಒಂದೇ ಉತ್ತರ, ‘ಕಣ್ ಕಾಂತಿಲ್ಲೆ’, ಕಣ್ಣು ಕಾಣುವುದಿಲ್ಲ ಅಂತ. ಅವಳು ಬಗ್ಗಿ, ನೇಯ್ದು ಮುಗಿದಿದ್ದ ಭಾಗದ ಮೇಲೆ ಬೆರಳಿಟ್ಟಳು.

‘ಇಲ್ಲಿ ತಪ್ಪಿತ್ತ್. ಈ ಹೂಗಿಗೆ ಒಂದ್ ಎಳಿ ಜಾಸ್ತಿ. ಹೇಳ್ ಅವ್ಳಿಗೆ.’

ನಾನು ನೋಡಿದೆ. ಎಲ್ಲ ಹೂವೂ ಒಂದೇ ಥರ ಕಂಡವು. ಗೈಡಿಗೆ ಹೇಳಿದೆ. ಅವನು ತಲೆ ಅಲ್ಲಾಡಿಸಿದ. ಅಷ್ಟು ಬಿಚ್ಚಿದರೆ ಅವಳ ಎರಡು ದಿನದ ಕೆಲಸ ಹೋಗುತ್ತದೆ, ಬೇಡ ಸರ್, ಅಂದ.

ಶಂಕರಣ್ಣ ಸುಮ್ಮನಿರುವವರಲ್ಲ. ‘ಹ್ವಾಯ್ ಸೀತಕ್ಕ, ಭೂತಾನಕ್ ಬಂದ್ ತಪ್ಪ್ ಹುಡ್ಕುದಾ? ಅವ್ಳ್ ಎಂತ ನಿಮ್ಮನಿ ಸೊಸಿಯಾ?’

‘ನೀವ್ ಸುಮ್ನಿರಿ ಮಾರ್ರೆ. ಕಂಡ್ ಹೇಳ್ದೆ ಹೋರೆ ನಂಗೆ ನಿದ್ರಿ ಬತ್ತಿಲ್ಲೆ.’

ಅದು ಅವಳ ಅತ್ತೆಯ ಕಾಲದಿಂದ ಬಂದ ರೀತಿ. ಆ ಮನೆಯಲ್ಲಿ ಯಾರ ಮಗ್ಗದಲ್ಲಿ ತಪ್ಪು ಕಂಡರೂ ಕಂಡವರು ಬಾಯಿ ಬಿಟ್ಟು ಹೇಳಲೇಬೇಕು. ಅತ್ತೆಯ ಮಗ್ಗವಾದರೂ ಸೊಸೆ ಹೇಳಬೇಕು.

ಗೈಡ್ ಹೇಳದಿದ್ದರೂ ಆ ಹೆಂಗಸು ಸೀತಕ್ಕನ ಬೆರಳು ನೋಡಿದಳು. ಎಳೆ ಎಣಿಸಿದಳು. ಮುಖ ಇಳಿದುಹೋಯಿತು. ನಮ್ಮ ಕಡೆ ಒಮ್ಮೆಯೂ ನೋಡದೆ ಬಿಚ್ಚತೊಡಗಿದಳು.

ಸೀತಕ್ಕ ನೋವಿರುವ ಮಂಡಿ ಮಡಚಿ ಅವಳ ಪಕ್ಕ ಕುಳಿತಳು. ಬಿಚ್ಚಿದ ಬಣ್ಣದ ನೂಲನ್ನು ತನ್ನ ಬೆರಳಿಗೆ ಸುತ್ತಿಕೊಳ್ಳುತ್ತಾ ಹೋದಳು. ಭಾಷೆ ಬಾರದ ಇಬ್ಬರು, ಒಂದು ಗಂಟೆ. ಹೊರಗೆ ಗಾಡಿ ಕಾಯುತ್ತಿತ್ತು. ಆ ದಿನ ನೋಡಬೇಕಿದ್ದ ಮಠ ನೋಡಲಾಗಲಿಲ್ಲ. ಶಂಕರಣ್ಣನೂ ಅದರ ಬಗ್ಗೆ ಚಕಾರ ಎತ್ತಲಿಲ್ಲ.

ಹೊರಡುವಾಗ ಆ ಹೆಂಗಸು ಗೈಡಿಗೆ ಏನೋ ಅಂದಳು. ಅವನು ನನಗೆ ಹೇಳಿದ, ನಾನು ಸೀತಕ್ಕನಿಗೆ ಹೇಳಿದೆ. ‘ಅವ್ಳ ಅಮ್ಮ ಹೋದ ಮೇಲೆ ಯಾರೂ ಅವ್ಳಿಗೆ ಹೀಂಗ್ ತೋರ್ಸ್ಲಿಲ್ಲ ಅಂಬ್ರ್.’

ಗಾಡಿಯಲ್ಲಿ ನಾನು ತಡೆಯಲಾರದೆ ಕೇಳಿದೆ. ‘ಅಕ್ಕ, ಕಣ್ ಕಾಂತಿಲ್ಲೆ ಅಂದಿದ್ಯಲೆ?’

ಅವಳು ಕಿಟಕಿಯಾಚೆ ನೋಡುತ್ತಲೇ ಹೇಳಿದಳು.

‘ನಾ ಕಡಿಗ್ ನೇಯ್ದ ಸೀರಿಯಂಗೆ ಒಂದ್ ಕಡಿ ಅಡ್ಡ ನೂಲ್ ತಪ್ಪಿತ್. ಸೀರಿ ಮಡ್ಚುವತಿಗೆ ಕಂಡದ್. ಅಂಗ್ಡಿಯವ್ರ್ ಹೇಳ್ತ್ರ್ ಅಂತ ಕಾದೆ. ಹೇಳ್ಲಿಲ್ಲ. ತಕಂಡವ್ರ್ ಹೇಳ್ತ್ರ್ ಅಂತ ಕಾದೆ. ಅವ್ರೂ ಹೇಳ್ಲಿಲ್ಲ. ಯಾರಿಗೂ ಕಾಂತಿಲ್ಲೆ ಅಂದ್ರೆ ನಾ ಯಾರಿಗ್ ನೇಯ್ಕ್?’

‘ಯಾರ್ ಅತ್ಗೆ ತಕಂಡದ್ದ್?’ ಜಯಂತಿ ಕೇಳಿದಳು.

‘ನೀನೇ ಅಲ್ದಾ ಹೆಣ್ಣೇ. ಆ ಹಸ್ರ್ ಸೀರಿ.’

ಜಯಂತಿ ಆ ಸೀರೆಯನ್ನು ಎಷ್ಟು ಮದುವೆಗೆ ಉಟ್ಟಿಲ್ಲ! ‘ನಮ್ಮ ಅತ್ತಿಗೆ ನೇಯ್ದದ್ದು’ ಎಂದು ಎಷ್ಟು ಜನರ ಹತ್ತಿರ ಹೇಳಿಕೊಂಡಿಲ್ಲ! ನಾನಂತೂ ಕೈಮಗ್ಗ ಉಳಿಸಿ ಎಂದು ಇದೇ ಅಂಕಣದಲ್ಲಿ ನಿಮಗೆ ಬುದ್ಧಿ ಹೇಳಿದ್ದೇನೆ. ಉಳಿಸುವುದು ಅಂದರೆ ಕೊಳ್ಳುವುದು ಅಂತಲೇ ತಿಳಿದಿದ್ದೆ. ಕೊಂಡೆವು, ಉಟ್ಟೆವು, ಹೊಗಳಿದೆವು. ನೋಡಿದೆವಾ? ಹೊಗಳುವುದು ಸುಲಭ. ಅದಕ್ಕೆ ಕಣ್ಣು ಬೇಕಿಲ್ಲ.

ಊರಿಗೆ ಬಂದ ಮರುದಿನ ಜಯಂತಿ ಕಪಾಟಿನಿಂದ ಹಸಿರು ಸೀರೆ ತೆಗೆದಳು. ಅಂಗಳದ ಬಿಸಿಲಿಗೆ ಹಿಡಿದು, ಸೆರಗಿನಿಂದ ಹಿಡಿದು ಗೇಣು ಗೇಣಾಗಿ ನೋಡಿದೆವು. ಸಿಗಲಿಲ್ಲ. ಎರಡನೇ ದಿನವೂ ಸಿಗಲಿಲ್ಲ. ನಾನು ಕೈಬಿಟ್ಟೆ. ಮೂರನೇ ದಿನ ಮಧ್ಯಾಹ್ನ ಅವಳು ಒಬ್ಬಳೇ ಕುಳಿತು ಹುಡುಕಿದಳು. ಆಮೇಲೆ ಬಾರ್ಕೂರಿಗೆ ಫೋನ್ ಮಾಡಿದಳು.

‘ಅತ್ಗೆ, ಸಿಕ್ತ್.’

ಆ ಕಡೆಯಿಂದ ಸೀತಕ್ಕ ಕೇಳಿದಳು.

‘ಎಲ್ಲಿತ್ತ್ ಹೇಳ್ ಕಾಂಬ?’

‘ಸೆರಗಿಂದ ಒಂದ್ ಮಾರ್ ಈಚಿಗೆ. ಎರಡ್ ನೂಲ್ ಒಟ್ಟಿಗೆ ಹೋಯಿತ್.’

‘ಹೌದ್,’ ಅಂದಳು ಸೀತಕ್ಕ. ಫೋನ್ ಇಟ್ಟಳು.

ಮುಂದಿನ ಸೋಮವಾರ ಅವಳು ಬೆಳಗಿನ ಬಸ್ಸು ಹತ್ತಿ ಬ್ರಹ್ಮಾವರಕ್ಕೆ ಹೋಗಿ, ನೇಕಾರರ ಶೆಡ್ಡಿನಲ್ಲಿ ಖಾಲಿ ಇದ್ದ ಮಗ್ಗಕ್ಕೆ ಕುಳಿತಳು.